ಕ್ಯಾಮೆರಾಕ್ಕೆ ಉಸಿರು ಬೇಕಿಲ್ಲ

ಹವ್ಯಾಸಿಗಳಿಗೆ ಆಕಾಶದ ಚಿತ್ರ ತೆಗೆಯುವುದನ್ನು ಕಲಿಸುವ ನನಗೆ ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುವ ಪ್ರಶ್ನೆ: ಎಷ್ಟು ಎತ್ತರಕ್ಕೆ ಹೋಗಬೇಕು? ಮೂರು ಸಾವಿರ ಮೀಟರ್ ಹತ್ತಿದರೂ ನಕ್ಷತ್ರಗಳೇನೂ ಹತ್ತಿರವಾಗುವುದಿಲ್ಲ. ಲಾಭವಿರುವುದು ಕೆಳಗೆ ಬಿಟ್ಟುಬಂದ ಗಾಳಿಯಲ್ಲಿ.

ಸಮುದ್ರಮಟ್ಟದಿಂದ 4,200 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಶೇ 60ಕ್ಕೆ ಇಳಿಯುತ್ತದೆ. ನೀರಾವಿ ಮತ್ತು ದೂಳು ಇನ್ನೂ ಬೇಗ ತೆಳುವಾಗುತ್ತವೆ; ವಾಯುಮಂಡಲದ ಸುಮಾರು ಅರ್ಧ ನೀರಾವಿ ಕೆಳಗಿನ ಎರಡು ಕಿಲೋಮೀಟರ್‌ಗಳಲ್ಲೇ ಇದೆ. ಅಂದರೆ ಮೊದಲ ಎರಡು ಸಾವಿರ ಮೀಟರ್‌ಗಳಲ್ಲೇ ದೊಡ್ಡ ಲಾಭ ಕೈಸೇರುತ್ತದೆ. ಗಾಳಿ ಕೆಂಪಿಗಿಂತ ನೀಲಿ ಬೆಳಕನ್ನು ಬಹಳ ಹೆಚ್ಚು ಚದುರಿಸುವುದರಿಂದ ಫಲ ಮೊದಲು ಕಾಣುವುದು ಕೃತ್ತಿಕೆಯಲ್ಲಿ: ಅದರ ಸುತ್ತಲಿನ ನೀಲಿ ಮುಸುಕನ್ನು ಬಯಲಿನ ಚಿತ್ರದಲ್ಲಿ ತಂತ್ರಾಂಶದಿಂದ ಹಿಂಡಿ ತೆಗೆಯಬೇಕು, ಬೆಟ್ಟದ ಮೇಲೆ ಅದು ತಾನಾಗಿ ಬರುತ್ತದೆ. ದಿಗಂತದತ್ತ ವಾಲಿದ ವಸ್ತುಗಳಿಗಂತೂ ಇನ್ನೂ ಅನುಕೂಲ. 30 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರದ ಬೆಳಕು ನೆತ್ತಿಯ ನಕ್ಷತ್ರದ್ದಕ್ಕಿಂತ ಎರಡು ಪಟ್ಟು ಗಾಳಿಯನ್ನು ಸೀಳಿ ಬರಬೇಕು.

ಇನ್ನು ಚಿತ್ರದ ನಡುಕ. ದೂರದರ್ಶಕಕ್ಕೆ ಬೇಕಾದ ಶಾಂತ ಗಾಳಿ ಎತ್ತರದ ಬೆಟ್ಟಗಳ ತುದಿಯಲ್ಲಿ ಸಿಗಬಹುದೆಂದು ನ್ಯೂಟನ್ 1704ರಲ್ಲೇ ಬರೆದಿದ್ದ. ಆದರೆ ಎತ್ತರವೊಂದೇ ಸಾಲದು. ಸುತ್ತ ಬೆಟ್ಟಗಳಿರುವ ಎತ್ತರದ ಕಣಿವೆಗೆ ರಾತ್ರಿ ತಣ್ಣನೆಯ ಗಾಳಿ ಹರಿದು ಬಂದು ಮಡುಗಟ್ಟುತ್ತದೆ. ಗುರುವಿನ ಪಟ್ಟೆಗಳು ಅಲ್ಲಿ ಕುದಿಯುವ ನೀರಿನ ತಳದ ಕಲ್ಲುಗಳಂತೆ ಅಲುಗುತ್ತವೆ. ಗಾಳಿ ಅಡೆತಡೆಯಿಲ್ಲದೆ ಬಂದು ಮುಟ್ಟುವ ಏಣೇ ಮೇಲು. 24 ಮಿ.ಮೀ. ಲೆನ್ಸ್‌ನಲ್ಲಿ ಕ್ಷೀರಪಥ ಹಿಡಿಯುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಆ ನಡುಕ ಒಂದು ಪಿಕ್ಸೆಲ್‌ನೊಳಗೇ ಅಡಗಿಹೋಗುತ್ತದೆ.

ಚಳಿಯನ್ನು ಎಲ್ಲರೂ ಬೈಯುತ್ತಾರೆ, ನಾನು ಬೈಯುವುದಿಲ್ಲ. ಸಾವಿರ ಮೀಟರ್‌ಗೆ ಸರಾಸರಿ ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ. ಸೆನ್ಸರ್‌ನ ಶಾಖದಿಂದ ಹುಟ್ಟುವ ಹುಸಿ ಸಂಕೇತ ಪ್ರತಿ ಆರು ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೂರು ಸಾವಿರ ಮೀಟರ್ ಮೇಲೆ ಅದು ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಬಂದಿರುತ್ತದೆ. ಸಾಮಾನ್ಯ ಕ್ಯಾಮೆರಾಕ್ಕೆ ಪುಕ್ಕಟೆ ಶೈತ್ಯಯಂತ್ರ ಸಿಕ್ಕಂತೆ. ದೂರದರ್ಶಕದ ಲೋಹದ ಕೊಳವೆ ಕುಗ್ಗಿ ಫೋಕಸ್ ಸರಿಯುವುದು ಇದರ ಇನ್ನೊಂದು ಮುಖ. ಒಮ್ಮೆ ಸಂಜೆ ಫೋಕಸ್ ಮಾಡಿ ಮರೆತುಬಿಟ್ಟೆ. ಮೂರು ಗಂಟೆಯ ಚಿತ್ರಗಳಲ್ಲಿ ಕೊನೆಯ ಎರಡು ಗಂಟೆಯವು ಕಡಲೆಕಾಳಿನಷ್ಟು ದಪ್ಪ ನಕ್ಷತ್ರಗಳು! ಈಗ ನಲವತ್ತು ನಿಮಿಷಕ್ಕೊಮ್ಮೆ ನೋಡುತ್ತೇನೆ, ಬದಲಿ ಬ್ಯಾಟರಿಗಳನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ನಮ್ಮ ಕಣ್ಣು ಮಾತ್ರ ಕ್ಯಾಮೆರಾದ ಹಾಗಲ್ಲ. ಆಮ್ಲಜನಕ ಕಡಿಮೆಯಾದರೆ ಮೊದಲು ಸೊರಗುವುದು ಇರುಳುನೋಟ. ಹವಾಯಿಯ ಮೌನಾ ಕೀ ತುದಿ 4,207 ಮೀಟರ್. ಬರಿಗಣ್ಣಿಗೆ ಅಲ್ಲಿಗಿಂತ 2,800 ಮೀಟರ್‌ನ ಸಂದರ್ಶಕರ ಕೇಂದ್ರದ ಬಳಿಯೇ ಹೆಚ್ಚು ನಕ್ಷತ್ರಗಳು ಕಾಣುತ್ತವೆ. ಆದ್ದರಿಂದ ಹವ್ಯಾಸಿಗೆ ನನ್ನ ಉತ್ತರ ಎರಡರಿಂದ ಮೂರು ಸಾವಿರ ಮೀಟರ್, ಅದೂ ಊರುಗಳ ದೀಪದಿಂದ ದೂರ. ತಲೆ ಸಿಡಿಯುತ್ತಿರುವಾಗ ನಕ್ಷತ್ರಗಳ ಜೊತೆ ಕ್ಯಾಮೆರಾವನ್ನು ತಿರುಗಿಸುವ ಯಂತ್ರದ ಅಕ್ಷವನ್ನು ಧ್ರುವನಕ್ಷತ್ರಕ್ಕೆ ಹೊಂದಿಸಲು ಕೂತವರಿಗೆ ಇದು ಅರ್ಥವಾಗುತ್ತದೆ.

ಬೆಳಗಿನ ಜಾವ ಕೋಣೆಗೆ ಮರಳುವ ಮುನ್ನ, ಇನ್ನೂ ಹೊರಗಿನ ಚಳಿಯಲ್ಲಿರುವಾಗಲೇ, ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬೆಚ್ಚನೆಯ ಗಾಳಿಯ ಪಸೆ ಲೆನ್ಸ್ ಮೇಲೆ ಹನಿಗಟ್ಟುತ್ತದೆ. ಚೀಲವನ್ನು ಮಧ್ಯಾಹ್ನದವರೆಗೆ ಬಿಚ್ಚಬೇಡಿ; ಮೆಮೊರಿ ಕಾರ್ಡನ್ನು ಮೊದಲೇ ಹೊರತೆಗೆದಿಟ್ಟುಕೊಂಡಿದ್ದರೆ ಆ ಹೊತ್ತಿಗೆ ಚಿತ್ರಗಳನ್ನು ನೋಡಿ ಮುಗಿಸಿರುತ್ತೀರಿ.