ರಿಪೋರ್ಟಿನಲ್ಲಿ ಕಾಣದ ರಕ್ತನಾಳ

“ಡಾಕ್ಟ್ರೇ, ನನ್ನ ತಲೇಲಿ ಒಂದು ರಕ್ತನಾಳವೇ ಇಲ್ವಂತೆ!”

ಕುರ್ಚಿಯಲ್ಲಿ ಕೂರುವ ಮೊದಲೇ ಆಕೆ ರಿಪೋರ್ಟನ್ನು ಮೇಜಿನ ಮೇಲೆ ಹರಡಿದರು. ಒಂದು ಸಾಲಿಗೆ ಹಳದಿ ಮಾರ್ಕರ್ ಬಳಿದಿದ್ದರು. ಬಲಗಡೆಯ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಆರ್ಟರಿ, ಅಂದರೆ ಮಿದುಳಿನ ಬುಡದಲ್ಲಿ ಹಿಂದಿನ ಕೊಂಡಿಯಂತಿರುವ ಸಣ್ಣ ರಕ್ತನಾಳ, ಕಾಣಿಸುತ್ತಿಲ್ಲ ಎಂಬುದು ಅದರ ಅರ್ಥ. ಎಂಟು ವರ್ಷದಿಂದ ಮೈಗ್ರೇನ್ ಅನುಭವಿಸಿದವರು. ಕೊನೆಗೂ ಕಾರಣ ಸಿಕ್ಕಿತು ಅನ್ನೋ ಸಮಾಧಾನ, ಮುಂದೇನು ಗತಿ ಅನ್ನೋ ಭಯ, ಎರಡೂ ಮುಖದಲ್ಲಿದ್ದವು.

ಆ ಸಾಲು ಬರೆದದ್ದು ನಾನೇ. ಸ್ಕ್ಯಾನ್ ನೋಡಿ ರಿಪೋರ್ಟ್ ಕೊಡುವ ನಮ್ಮಂಥ ರೇಡಿಯಾಲಜಿಸ್ಟ್‌ಗಳು ಬರೆಯುವುದು ಇನ್ನೊಬ್ಬ ಡಾಕ್ಟರು ಓದಲಿ ಅಂತ. ಈಗ ರೋಗಿಗಳೇ ಮೊದಲು ಓದುತ್ತಾರೆ. ಓದಲಿ ಬಿಡಿ, ತಲೆ ಅವರದು ತಾನೇ.

ಪರದೆಯ ಮೇಲೆ ಅವರ ಚಿತ್ರ ತೆರೆದು ಪೆನ್ನಿನ ತುದಿಯಿಂದ ತೋರಿಸಿದೆ. ಮಿದುಳಿಗೆ ರಕ್ತ ಹೋಗುವುದು ನಾಲ್ಕು ದಾರಿಯಲ್ಲಿ. ಕುತ್ತಿಗೆಯ ಮುಂಭಾಗದಿಂದ ಎರಡು ಕೆರೋಟಿಡ್, ಬೆನ್ನುಮೂಳೆಯ ಪಕ್ಕದಿಂದ ಎರಡು ವರ್ಟಿಬ್ರಲ್. ಇವೆಲ್ಲ ಮಿದುಳಿನ ಬುಡದಲ್ಲಿ ಸಣ್ಣ ಕೊಂಡಿಗಳಿಂದ ಸೇರಿ ಒಂದು ಉಂಗುರ ಆಗುತ್ತವೆ. 1664ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ ಥಾಮಸ್ ವಿಲ್ಲಿಸ್ ಹೆಸರೇ ಅದಕ್ಕೆ ಉಳಿದಿದೆ. ಒಂದು ದಾರಿ ಕಟ್ಟಿಕೊಂಡರೆ ಇನ್ನೊಂದು ಕಡೆಯಿಂದ ರಕ್ತ ಸುತ್ತಿ ಬರಲಿ ಅಂತ ಈ ಏರ್ಪಾಡು.

ತಮಾಷೆ ಏನಂದ್ರೆ, ಪುಸ್ತಕದಲ್ಲಿ ಬರೆದ ಹಾಗೆ ಪೂರ್ತಿ ದುಂಡಗಿರುವ ಉಂಗುರ ನಾನು ದಿನಾ ನೋಡುವ ಸ್ಕ್ಯಾನ್‌ಗಳಲ್ಲಿ ಸಿಗುವುದೇ ಕಡಿಮೆ. ಒಬ್ಬರಲ್ಲಿ ಒಂದು ಕೊಂಡಿ ದಾರದಷ್ಟು ಸಣ್ಣ. ಇನ್ನೊಬ್ಬರಲ್ಲಿ ಅದು ಇಲ್ಲವೇ ಇಲ್ಲ. ಮತ್ತೊಬ್ಬರಲ್ಲಿ ಹಿಂಭಾಗದ ಮಿದುಳಿಗೂ ಮುಂದಿನ ಕೆರೋಟಿಡ್‌ನಿಂದಲೇ ರಕ್ತ ಹೋಗುತ್ತಿರುತ್ತದೆ. ಗರ್ಭದಲ್ಲಿದ್ದಾಗ ನಮ್ಮೆಲ್ಲರಲ್ಲೂ ಹಾಗೇ ಇತ್ತು, ಕೆಲವರಲ್ಲಿ ಆ ಹಳೇ ದಾರಿ ಹಾಗೇ ಉಳಿದುಬಿಡುತ್ತದೆ, ಅಷ್ಟೇ.

ಇನ್ನೊಂದು ವಿಷಯ. ‘ಕಾಣಿಸುತ್ತಿಲ್ಲ’ ಅಂದ್ರೆ ‘ಇಲ್ಲ’ ಅಂತಲ್ಲ. ಬಣ್ಣದ ಇಂಜೆಕ್ಷನ್ ಇಲ್ಲದೆ ಮಾಡುವ ಎಂಆರ್ ಆಂಜಿಯೋದಲ್ಲಿ (ರಕ್ತನಾಳಗಳ ಎಂಆರ್‌ಐ ಚಿತ್ರ) ಹೊಳೆಯುವುದು ಹರಿಯುವ ರಕ್ತ. ನಾಳ ತೀರಾ ಸಣ್ಣದಿದ್ದು ಹರಿವು ನಿಧಾನ ಇದ್ದರೆ ಚಿತ್ರದಲ್ಲಿ ಮೂಡುವುದೇ ಇಲ್ಲ.

“ಹಾಗಾದ್ರೆ ಮೈಗ್ರೇನಿಗೂ ಇದಕ್ಕೂ ಸಂಬಂಧವೇ ಇಲ್ವಾ?” ಅಂತ ಅವರು ಕೇಳಿದರು. ಇಲ್ಲ ಅಂತ ತಳ್ಳಿಹಾಕುವ ಹಾಗಿಲ್ಲ. 2013ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು ಇದನ್ನೇ ಹುಡುಕಿತ್ತು. ಉಂಗುರ ಅಪೂರ್ಣ ಇದ್ದದ್ದು ಔರಾ (ತಲೆನೋವಿಗೆ ಮೊದಲು ಬರುವ ಮುನ್ಸೂಚನೆ) ಇರುವ ಮೈಗ್ರೇನಿನವರಲ್ಲಿ ಶೇ. 73, ಮೈಗ್ರೇನ್ ಇಲ್ಲದವರಲ್ಲಿ ಶೇ. 51. ವ್ಯತ್ಯಾಸ ಇದೆ, ನಿಜ. ಆದರೆ ಆ ಎರಡನೇ ಅಂಕಿಯನ್ನು ಇನ್ನೊಮ್ಮೆ ನೋಡಿ. ಮೈಗ್ರೇನೇ ಇಲ್ಲದ ಜನರಲ್ಲೂ ಅರ್ಧಕ್ಕರ್ಧ ಮಂದಿಗೆ ಉಂಗುರ ಪೂರ್ತಿ ಇರಲಿಲ್ಲ! ಆಮೇಲೆ ಬಂದ ಅಧ್ಯಯನಗಳಲ್ಲಿ ಕೆಲವು ಈ ನಂಟನ್ನು ಕಂಡಿವೆ, ಕೆಲವು ಕಂಡಿಲ್ಲ. ಎಷ್ಟು ಸಣ್ಣ ಇದ್ದರೆ ‘ಸಣ್ಣ’ ಅನ್ನಬೇಕು ಅನ್ನುವುದರಲ್ಲೇ ಒಮ್ಮತ ಇಲ್ಲ. ಕೆಲವರು 0.8 ಮಿ.ಮೀ. ಅಂತಾರೆ, ಕೆಲವರು 1 ಮಿ.ಮೀ.

ನಂಟು ಇದ್ದರೆ ಹೇಗೆ ಇರಬಹುದು? ಔರಾ ಅಂದರೆ ತಲೆನೋವಿಗೆ ಮೊದಲು ಕಣ್ಣ ಮುಂದೆ ಬರುವ ಅಂಕುಡೊಂಕು ಮಿಂಚಿನ ಗೆರೆ, ಮಂಜು, ಕುರುಡು ಚುಕ್ಕೆ. ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಒಂದು ಅಲೆ ತೆವಳುತ್ತದೆ. ಅದರ ಹಿಂದೆಯೇ ನರಕೋಶಗಳು ಸ್ವಲ್ಪ ಹೊತ್ತು ಮಂಕಾಗುತ್ತವೆ. ಇದನ್ನು 1944ರಲ್ಲಿ ಮೊಲಗಳ ಮಿದುಳಿನಲ್ಲಿ ಗುರುತಿಸಿದವರು ಬ್ರೆಜಿಲ್‌ನ ವಿಜ್ಞಾನಿ ಲಿಯಾವ್. ಕಣ್ಣಿನ ಔರಾದಲ್ಲಿ ಅಲೆ ಹೊರಡುವುದು ತಲೆಯ ಹಿಂಭಾಗದ, ದೃಷ್ಟಿಯನ್ನು ನೋಡಿಕೊಳ್ಳುವ ಭಾಗದಲ್ಲಿ. ಉಂಗುರದ ಹಿಂದಿನ ಕೊಂಡಿ ಇಲ್ಲದಿದ್ದರೆ ಆ ಭಾಗಕ್ಕೆ ಬದಲಿ ದಾರಿ ಒಂದು ಕಡಿಮೆ. ರಕ್ತ ಕ್ಷಣಕಾಲ ಕಡಿಮೆಯಾದರೂ ಅಲೆ ಏಳಲು ಸಾಕಾಗಬಹುದು ಅನ್ನೋದು ಒಂದು ಊಹೆ. ನನಗೆ ಇದು ಚೆಂದದ ಊಹೆ ಅನಿಸುತ್ತದೆ. ಆದರೆ ಊಹೆಯೇ.

ನನ್ನ ಅನುಮಾನ ಬೇರೆ ಕಡೆ. ನೋವು ಯಾವ ಕಡೆ ಬರುತ್ತದೆ ಅಂತ ಆಕೆಯನ್ನು ಕೇಳಿದೆ. “ಜಾಸ್ತಿ ಎಡಕ್ಕೆ. ಒಂದೊಂದ್ಸಲ ಬಲಕ್ಕೆ.” ನೋವು ಜಾಗ ಬದಲಾಯಿಸುತ್ತದೆ, ರಕ್ತನಾಳ ಅಲ್ಲೇ ಇರುತ್ತದೆ. ಹುಟ್ಟಿದಾಗಿನಿಂದ ಹಾಗೇ ಇದೆ. ಮೈಗ್ರೇನ್ ಮಾತ್ರ ಎಷ್ಟೋ ಹೆಣ್ಣುಮಕ್ಕಳಲ್ಲಿ ಹದಿಹರೆಯದಲ್ಲಿ ಶುರುವಾಗಿ, ಮುಟ್ಟು ನಿಂತ ಮೇಲೆ ತಗ್ಗುತ್ತದೆ. ಆ ನಾಳವೊಂದೇ ಕಾರಣ ಆಗಿದ್ದರೆ ಹೀಗಾಗಬಾರದಲ್ವಾ? ಮೈಗ್ರೇನಿಗೆ ಮುಖ್ಯವಾಗಿ ಬೇಕಿರುವುದು ಬೇಗ ಕೆರಳುವ ನರವ್ಯವಸ್ಥೆ. ಅದರಲ್ಲಿ ವಂಶದ ಪಾಲು ದೊಡ್ಡದು. ನಾಳದ ಆಕಾರ ಅದಕ್ಕೆ ಸ್ವಲ್ಪ ಕೈ ಜೋಡಿಸಿದ್ದರೂ ಜೋಡಿಸಿರಬಹುದು.

ಹಾಗಂತ ನಾಳಗಳನ್ನು ನಾವು ಸುಮ್ನೆ ನೋಡುವುದಿಲ್ಲ. ಮುಂದಿನ ಕೊಂಡಿಯ ಒಂದು ಬದಿ ಸಣ್ಣದಿದ್ದರೆ ಅಲ್ಲಿ ಉಬ್ಬು, ಅಂದರೆ ಅನ್ಯೂರಿಸಂ, ಇದೆಯಾ ಅಂತ ಎರಡು ಸಲ ನೋಡುತ್ತೇನೆ. ತಟ್ಟನೆ ಸಿಡಿಲು ಬಡಿದಂತೆ ಬಂದ ತಲೆನೋವು, 50 ದಾಟಿದ ಮೇಲೆ ಮೊದಲ ಸಲ ಶುರುವಾದದ್ದು, ಕೈಕಾಲು ಸೋತದ್ದು, ಮಾತು ತೊದಲಿದ್ದು, ಜ್ವರದ ಜೊತೆ ಕುತ್ತಿಗೆ ಬಿಗಿದದ್ದು, ಇವಾದರೆ ಇದು ಮೈಗ್ರೇನೇ ಇರಬೇಕು ಅಂತ ಕೂರಬಾರದು.

ಇಷ್ಟೆಲ್ಲ ಆದ ಮೇಲೆ ಸ್ಕ್ಯಾನಿನಲ್ಲಿ ಉತ್ತರ ಕಾಣದ ಕೆಲವು ಪ್ರಶ್ನೆ ಕೇಳಿದೆ. ಮಿಂಚಿನ ಗೆರೆಗಳು ಬರುತ್ತವಾ? “ಬರುತ್ವೆ, ಇಪ್ಪತ್ತು ನಿಮಿಷ.” ಸಿಗರೇಟು? ಇಲ್ಲ. ಗರ್ಭನಿರೋಧಕ ಮಾತ್ರೆ? “ಹೌದು, ಮೂರು ವರ್ಷದಿಂದ.”

ಔರಾ ಇರುವ ಮೈಗ್ರೇನ್ ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಚಿಕ್ಕ ವಯಸ್ಸಿನಲ್ಲಿ ಆ ಅಪಾಯ ಮೊದಲೇ ತೀರಾ ಕಡಿಮೆ ಇರುವುದರಿಂದ ಗಾಬರಿ ಬೇಡ. ಆದರೆ ಈಸ್ಟ್ರೋಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ. ಔರಾ ಇರುವವರಿಗೆ ಬೇರೆ ವಿಧಾನ ಹುಡುಕಿ ಅಂತ ಡಾಕ್ಟರುಗಳು ಹೇಳುವುದು ಅದಕ್ಕೇ. ಕಾಣದ ನಾಳವನ್ನು ಸರಿಮಾಡುವ ಔಷಧ ಇಲ್ಲ, ಬೇಕಾಗಿಯೂ ಇಲ್ಲ. ಮಾತ್ರೆಯನ್ನು ಬದಲಾಯಿಸಬಹುದು.

ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಬೇಕಾ ಅಂತ ಕೇಳಿದರು. ಬೇಡ ಅಂದೆ. ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದರು. ನ್ಯೂರಾಲಜಿಸ್ಟಿಗೂ ಸ್ತ್ರೀರೋಗ ತಜ್ಞರಿಗೂ ತೋರಿಸಬೇಕು ಅಂತ ಅದರ ಹೆಸರನ್ನು ರಿಪೋರ್ಟಿನ ಹಿಂದೆ, ಅದೇ ಹಳದಿ ಮಾರ್ಕರಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಂಡರು.