ರಾಶಿ ದೊಡ್ಡದು, ಬಡಿಸುವವರು ಇಬ್ಬರು

ನಮ್ಮ ಸಕಲೇಶಪುರದ ಕಡೆ ಹಳಬರು ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ. ಒಳಗೆ ಹಾಕುವುದು ಸೆಲ್. ನನ್ನ ರಿಪೇರಿ ಅಂಗಡಿಗೆ ಬಂದು "ಬ್ಯಾಟರಿ ಕೆಟ್ಟಿದೆ" ಎಂದರೆ ಟಾರ್ಚ್ ಕೆಟ್ಟಿದೆ ಎಂದು ತಿಳಿಯಬೇಕು. ಬಿಚ್ಚಿ ನೋಡಿದರೆ ಬಹಳ ಸಲ ಬ್ಯಾಟರಿ ನೆಟ್ಟಗಿರುತ್ತದೆ, ಕೆಟ್ಟಿರುವುದು ಸೆಲ್.

ಹೋದ ಕಾಫಿ ಕೊಯ್ಲಿನ ಹೊತ್ತಿಗೆ ತೋಟದ ಗೌಡರೊಬ್ಬರು ಬಂದರು. ಅವರದು ಆನೆ ಓಡಾಡುವ ಊರು. ರಾತ್ರಿ ನಾಯಿ ಒಂದೇ ಸಮನೆ ಬೊಗಳಿತೆಂದು ಜಗಲಿಗೆ ಬಂದು ಟಾರ್ಚನ್ನು ಪೂರ್ತಿ ಬೆಳಕಿಗೆ ಒತ್ತಿದ್ದಾರೆ. ಅಂಗಳವೆಲ್ಲ ಹಗಲಾಯಿತಂತೆ. ಮೂರು ಎಣಿಸುವುದರೊಳಗೆ ಕಗ್ಗತ್ತಲು. ಕತ್ತಲಲ್ಲಿ ಬಾಳೆ ಮುರಿಯುವ ಸದ್ದು ಮಾತ್ರ. (ಆನೆ ಹತ್ತಿರದಲ್ಲಿದೆ ಎಂಬ ಅನುಮಾನವಿದ್ದರೆ ಯಾವ ಟಾರ್ಚೂ ಬೇಡ, ಒಳಗೇ ಇರಿ. ಇದು ನನ್ನ ವೃತ್ತಿಯ ಮಾತಲ್ಲ, ಆದರೂ ಹೇಳಿಬಿಡುತ್ತೇನೆ.)

"ಎಲ್‌ಇಡಿ ಸುಟ್ಟಿರಬೇಕು ನೋಡಪ್ಪ" ಎಂದರು. ನಾನು ಸೆಲ್ ತೆಗೆದು ನನ್ನದೊಂದನ್ನು ಹಾಕಿ ಗುಂಡಿ ಒತ್ತಿದೆ. ಎದುರಿನ ಗೋಡೆ ಬೆಳ್ಳಗಾಯಿತು, ಹಾಗೆಯೇ ಇತ್ತು.

"ನಿನ್ನ ಸೆಲ್ ಎಷ್ಟರದು?"

"3000, ಗೌಡರೇ."

"ನನ್ನದು 9900 ಮಾರಾಯ!"

ಈ ಮಾತನ್ನು ನಾನು ವರ್ಷಗಳಿಂದ ಕೇಳುತ್ತಿದ್ದೇನೆ. ಎಂಜಿನಿಯರಿಂಗ್ ಓದಿದವರೂ ಹೇಳಿದ್ದಾರೆ. ಸೆಲ್ಲಿನ ಮೈಮೇಲೆ ದಪ್ಪ ಅಕ್ಷರದಲ್ಲಿರುವ ಎಂಎಎಚ್ (mAh, ಮಿಲಿ ಆಂಪಿಯರ್-ಗಂಟೆ) ಎಂಬುದು ಸೆಲ್ಲಿನ ಶಕ್ತಿಯಲ್ಲ. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ.

ಮದುವೆ ಮನೆಯ ಊಟ ನೆನಪಿಸಿಕೊಳ್ಳಿ. ಅಡುಗೆ ಮನೆಯಲ್ಲಿ ಅನ್ನದ ರಾಶಿ ಎದೆಯೆತ್ತರ ಇದೆ. ಪಂಕ್ತಿಯಲ್ಲಿ ಇನ್ನೂರು ಎಲೆ. ಬಡಿಸುವವರು ಇಬ್ಬರು. ರಾಶಿ ಎಷ್ಟಿದ್ದರೇನು, ಸಾರು ಬರುವಷ್ಟರಲ್ಲಿ ಅನ್ನ ಅರ್ಧ ಪಂಕ್ತಿಗೂ ಮುಟ್ಟಿರುವುದಿಲ್ಲ. ಎಂಎಎಚ್ ಎಂದರೆ ರಾಶಿ. ಆಂಪಿಯರ್ ಎಂದರೆ ಬಡಿಸುವ ವೇಗ. 3000 ಎಂಎಎಚ್ ಎಂದರೆ 3 ಆಂಪಿಯರ್‌ನಂತೆ ಸುಮಾರು ಒಂದು ಗಂಟೆ ಕೊಡುವಷ್ಟು ದಾಸ್ತಾನು, ಅಷ್ಟೇ. ಒಂದೇ ಏಟಿಗೆ 10 ಆಂಪಿಯರ್ ಕೇಳಿದರೆ ಅದು ಕೊಡಬಲ್ಲುದೇ ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಅದಕ್ಕೆ ಬೇರೆ ಸಂಖ್ಯೆಯಿದೆ: ಸತತವಾಗಿ ಕೊಡಬಹುದಾದ ಗರಿಷ್ಠ ಕರೆಂಟ್. ತಯಾರಕರ ತಾಂತ್ರಿಕ ಹಾಳೆಯಲ್ಲಿ ಇರುತ್ತದೆ, ಸೆಲ್ಲಿನ ಹೊದಿಕೆಯ ಮೇಲೆ ಬಹುಪಾಲು ಇರುವುದಿಲ್ಲ.

ಹಳೆಯ ಮೂರು ಸೆಲ್ಲಿನ ಟಾರ್ಚಿನಲ್ಲಿ ಈ ತಲೆನೋವಿರಲಿಲ್ಲ. ಅದರ 3.8 ವೋಲ್ಟಿನ ಬಲ್ಬು ಎಳೆಯುತ್ತಿದ್ದುದು 0.3 ಆಂಪಿಯರ್, ಒಂದು ವ್ಯಾಟಿಗಿಂತ ತುಸು ಹೆಚ್ಚು. ಈಗಿನ 3000 ಲುಮೆನ್ (ಲುಮೆನ್ ಎಂದರೆ ಬೆಳಕಿನ ಅಳತೆ) ಟಾರ್ಚ್ 18650 ಎಂಬ ಗಾತ್ರದ ಒಂದೇ ಲಿಥಿಯಂ ಸೆಲ್ಲಿನಿಂದ 10 ಆಂಪಿಯರ್‌ನಷ್ಟು ಎಳೆಯುತ್ತದೆ. ನಾನು ಇಟ್ಟುಕೊಂಡಿರುವ ಒರಟು ಲೆಕ್ಕ ಹೀಗಿದೆ: ಒಂದೇ ಸೆಲ್ಲಿನ ಟಾರ್ಚಾದರೆ ಲುಮೆನ್ನನ್ನು 300ರಿಂದ ಭಾಗಿಸಿ, ಬಂದದ್ದು ಹೆಚ್ಚುಕಡಿಮೆ ಆಂಪಿಯರ್. ಎಲ್‌ಇಡಿ, ಅದಕ್ಕೆ ಕರೆಂಟ್ ಹದವಾಗಿ ಕೊಡುವ ಡ್ರೈವರ್ ಸರ್ಕ್ಯೂಟ್ ಬೇರೆಯಾದರೆ ಲೆಕ್ಕವೂ ಅತ್ತಿತ್ತ ಆಗುತ್ತದೆ, ಕೋರ್ಟಿಗೆ ಎಳೆಯಬೇಡಿ. ಆದರೆ "1 ಲಕ್ಷ ಲುಮೆನ್" ಎಂದು ಬರೆದ ಪೆಟ್ಟಿಗೆಯನ್ನು ಅಳೆಯಲು ಇಷ್ಟು ಸಾಕು. 330 ಆಂಪಿಯರ್ ಆಯಿತು. ಅಷ್ಟಕ್ಕೆ ಜೀಪಿನ ಸ್ಟಾರ್ಟರಿಗೆ ಹಾಕುವಂಥ ಹೆಬ್ಬೆರಳು ಗಾತ್ರದ ಕೇಬಲ್ ಬೇಕು. ನಿಮ್ಮ ಟಾರ್ಚಿನೊಳಗೆ ಇರುವುದು ದಾರದಷ್ಟು ದಪ್ಪದ ಸ್ಪ್ರಿಂಗ್.

ಒಳ್ಳೆಯ ಕಂಪನಿಗಳ ಸೆಲ್ಲಿನಲ್ಲೂ ರಾಶಿ ಮತ್ತು ವೇಗ ಒಂದಕ್ಕೊಂದು ಎದುರುಬದುರು. ಸ್ಯಾಮ್‌ಸಂಗ್‌ನ ಮೂರು 18650 ಸೆಲ್ ನೋಡಿ: 35ಇ 3500 ಎಂಎಎಚ್, ಸತತ 8 ಆಂಪಿಯರ್. 30ಕ್ಯೂ 3000 ಎಂಎಎಚ್, 15 ಆಂಪಿಯರ್. 25ಆರ್ 2500 ಎಂಎಎಚ್, 20 ಆಂಪಿಯರ್. ಡಬ್ಬಿ ಅದೇ, 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಅದರೊಳಗೆ ದಾಸ್ತಾನಿಗೆ ಜಾಗ ಮಾಡಿದರೆ ಓಡಾಟಕ್ಕೆ ಜಾಗ ಕಡಿಮೆ. ಆ ಡಬ್ಬಿಯಲ್ಲಿ 9900 ಹಿಡಿಸುವುದಂತೂ ಆಗದ ಮಾತು. ಗೌಡರ ಸೆಲ್ಲನ್ನು ಪಕ್ಕದ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಗೆ ಇಟ್ಟೆವು. 29 ಗ್ರಾಂ. ನನ್ನದು 46. ಅಸಲಿ 18650 ಸಾಮಾನ್ಯವಾಗಿ 45ರಿಂದ 50 ಗ್ರಾಂ ತೂಗುತ್ತದೆ. ತೂಕ ಸರಿಯಿದ್ದ ಮಾತ್ರಕ್ಕೆ ಸೆಲ್ ಒಳ್ಳೆಯದೆಂದಲ್ಲ, ತೀರಾ ಕಡಿಮೆಯಿದ್ದರೆ ಕೊಳ್ಳಬೇಡಿ.

ಗೌಡರು ಸುಮ್ಮನಾಗುವವರಲ್ಲ. "ಮಗ ಮೀಟರ್ ಹಿಡಿದು ನೋಡಿದ್ದಾನೆ, 4.1 ವೋಲ್ಟ್ ಬಂತು" ಎಂದರು. ಬಂದೇ ಬರುತ್ತದೆ. ಕೆಲಸ ಕೊಡದಿದ್ದಾಗ ಎಲ್ಲರೂ ಗಟ್ಟಿಮುಟ್ಟು. ಪ್ರತಿ ಸೆಲ್ಲಿಗೂ ಒಳಗೊಂದು ರೋಧವಿದೆ. ಒಳ್ಳೆಯದರಲ್ಲಿ ಅದು 50 ಮಿಲಿ ಓಮ್‌ಗಿಂತ ಕಡಿಮೆಯೇ ಇರುತ್ತದೆ. 50 ಎಂದೇ ಹಿಡಿದರೂ 10 ಆಂಪಿಯರ್ ಎಳೆದಾಗ ಕುಸಿಯುವುದು ಅರ್ಧ ವೋಲ್ಟ್, 4.1 ಇದ್ದದ್ದು 3.6 ಆಗುತ್ತದೆ, ಟಾರ್ಚ್ ನಡೆಯುತ್ತದೆ. ಕಳಪೆ ಸೆಲ್ಲಿನಲ್ಲಿ, ಅಥವಾ ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿನಲ್ಲಿ, 150 ಮಿಲಿ ಓಮ್ ಇದ್ದರೆ ಒಂದೂವರೆ ವೋಲ್ಟ್ ಮಾಯ. ಉಳಿದದ್ದು 2.6. ಡ್ರೈವರ್ ಸೆಲ್ ಖಾಲಿಯಾಯಿತೆಂದು ತಿಳಿದು ದೀಪ ಆರಿಸುತ್ತದೆ. ಆರಿಸದೆ ಎಳೆಯುತ್ತಲೇ ಹೋದರೆ 15 ವ್ಯಾಟ್ ಶಾಖ ಸೆಲ್ಲಿನ ಹೊಟ್ಟೆಯಲ್ಲೇ ಹುಟ್ಟುತ್ತದೆ. ನಾನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇರುವುದೇ 25 ವ್ಯಾಟಿನದು. ಇನ್ನೂ ಒಂದಿದೆ: ವೋಲ್ಟೇಜ್ ಇಳಿದರೂ ಬೆಳಕನ್ನು ಒಂದೇ ಮಟ್ಟದಲ್ಲಿಡುವ ಡ್ರೈವರ್ ಇದ್ದರೆ ಅದು ಕೊರತೆ ತುಂಬಲು ಹೆಚ್ಚು ಆಂಪಿಯರ್ ಎಳೆಯುತ್ತದೆ. 4 ವೋಲ್ಟಿನಲ್ಲಿ 8 ಆಂಪಿಯರ್ ಸಾಕಿದ್ದದ್ದು 3.2ರಲ್ಲಿ 10 ಬೇಕಾಗುತ್ತದೆ. ಸುಸ್ತಾದ ಎತ್ತಿಗೇ ಹೆಚ್ಚು ಹೊರೆ.

ಮೀಟರಿನ ಮಾತು ಬಂದಿದ್ದರಿಂದ ಹೇಳುತ್ತೇನೆ, ಅದನ್ನು ಆಂಪಿಯರಿಗೆ ತಿರುಗಿಸಿ ಸೆಲ್ಲಿನ ಎರಡು ತುದಿಗೆ ಮುಟ್ಟಿಸಬೇಡಿ. ಅದು ಅಳತೆಯಲ್ಲ, ಶಾರ್ಟ್ ಸರ್ಕ್ಯೂಟ್. ಫ್ಯೂಸ್ ಮಾತ್ರ ಹೋದರೆ ನಿಮ್ಮ ಅದೃಷ್ಟ.

ಇದರ ಉಲ್ಟಾ ಭಯದವರೂ ಬರುತ್ತಾರೆ: "20 ಆಂಪಿಯರ್ ಸೆಲ್ ಹಾಕಿದರೆ ಟಾರ್ಚ್ ಸುಟ್ಟೀತೇ?" ಬಡಿಸುವವರು ಇಪ್ಪತ್ತು ಜನ ಇದ್ದಾರೆಂದು ನಿಮ್ಮ ಬಾಯಿಗೆ ತುರುಕುವುದಿಲ್ಲ, ಟಾರ್ಚ್ ಕೇಳಿದಷ್ಟೇ ಹೋಗುತ್ತದೆ. ಆದರೆ ಕರೆಂಟಿಗೆ ಕಡಿವಾಣವಿಲ್ಲದೆ ಸೆಲ್ಲನ್ನು ನೇರವಾಗಿ ಎಲ್‌ಇಡಿಗೆ ಕೊಡುವ ಕೆಲವು ಟಾರ್ಚುಗಳಿವೆ. ಅವುಗಳಲ್ಲಿ ಸೆಲ್ ಗಟ್ಟಿಯಾದಷ್ಟೂ ಎಳೆತ ಹೆಚ್ಚು. ಅಲ್ಲಿ ತಯಾರಕರು ಹೇಳಿದ ಸೆಲ್ಲನ್ನೇ ಹಾಕಿ. ಎರಡು ಮೂರು ಸೆಲ್ಲಿನ ಟಾರ್ಚಾದರೆ ಹಳೆಯದು ಹೊಸದು ಬೆರೆಸಬೇಡಿ. ಬಿಡಿ ಸೆಲ್ಲನ್ನು ಬೀಗದ ಕೈ ಇರುವ ಜೇಬಿನಲ್ಲಿ ಹಾಕಿಕೊಳ್ಳಬೇಡಿ, ಅಲ್ಲೂ ಶಾರ್ಟ್ ಸರ್ಕ್ಯೂಟ್ ಆದೀತು.

ಗೌಡರು 15 ಆಂಪಿಯರ್‌ನ ಸೆಲ್ ಒಯ್ದರು. ಹಳೆಯದನ್ನು ಬಿಟ್ಟುಹೋಗಿ ಎಂದರೆ ಕೇಳಲಿಲ್ಲ, ದುಡ್ಡು ಕೊಟ್ಟದ್ದಂತೆ. ವಾರ ಕಳೆದ ಮೇಲೆ ಫೋನ್ ಬಂತು. ಬೆಳಕು ಭರ್ಜರಿಯಾಗಿದೆ, ಆದರೆ ಪೂರ್ತಿ ಬೆಳಕಿನಲ್ಲಿಟ್ಟರೆ ಕಾಲು ಗಂಟೆಗೇ ಮುಗಿಯುತ್ತದಲ್ಲ? 3 ಆಂಪಿಯರ್-ಗಂಟೆಯನ್ನು 10ರಂತೆ ಖರ್ಚು ಮಾಡಿದರೆ 18 ನಿಮಿಷ ಗೌಡರೇ, ದಿನನಿತ್ಯ ಸಣ್ಣ ಬೆಳಕಿನಲ್ಲಿಟ್ಟುಕೊಳ್ಳಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಯೋಚನೆ ನಡೆಯಿತು.

"ಹಾಗಾದರೆ ನಿನ್ನದೊಂದು, ನನ್ನ 9900ದ್ದೊಂದು, ಎರಡನ್ನೂ ಒಟ್ಟಿಗೆ ಹಾಕಿದರೆ ಹೇಗೆ?"

ಸದ್ಯ, ಆ ಟಾರ್ಚಿಗೆ ಹಿಡಿಯುವುದು ಒಂದೇ ಸೆಲ್.