ಉಪ್ಪಿನಿಂದ ಡೀಸೆಲ್‌ವರೆಗೆ: ಫ್ರಾನ್ಸಿನ ಊರ ಸಭೆಗಳು ಮತ್ತು ತೆರಿಗೆ

2019ರ ಆರಂಭದಲ್ಲಿ ಫ್ರಾನ್ಸಿನ ಊರೂರಿನ ಕಚೇರಿಗಳಲ್ಲಿ ಖಾಲಿ ಪುಸ್ತಕಗಳನ್ನು ಇಡಲಾಯಿತು. ತೆರಿಗೆಯ ಬಗ್ಗೆ ಮನಸ್ಸಿನಲ್ಲಿರುವುದನ್ನು ಬರೆಯಿರಿ, ಸಭೆ ಸೇರಿ ಚರ್ಚಿಸಿ ಎಂದು ಸರ್ಕಾರ ಹೇಳಿತು. ಆ ದೇಶಕ್ಕೆ ಇದು ಹೊಸದಲ್ಲ.

1789ರಲ್ಲಿ ಖಜಾನೆ ಬರಿದಾಗಿತ್ತು. ಪಾದ್ರಿಗಳು, ಕುಲೀನರು ಮತ್ತು ಜನಸಾಮಾನ್ಯರ ಪ್ರತಿನಿಧಿಗಳು ಕೂಡುವ, 1614ರ ಬಳಿಕ ಸೇರದಿದ್ದ ಮಹಾಸಭೆಯನ್ನು ದೊರೆ ಹದಿನಾರನೆಯ ಲೂಯಿ ಕರೆದ. ಅದಕ್ಕೆ ಮುನ್ನ ಪ್ರತಿ ಊರೂ ತನ್ನ ಅಹವಾಲು ಬರೆದು ಕಳುಹಿಸಬೇಕಿತ್ತು. ಊರ ಸಭೆಗೆ ಬರಬಹುದಾದವರು ಬಹುಮಟ್ಟಿಗೆ ತೆರಿಗೆ ಪಟ್ಟಿಯಲ್ಲಿ ಹೆಸರಿದ್ದ, 25 ವರ್ಷ ತುಂಬಿದ ಗಂಡಸರು. ಪಟ್ಟಣಗಳಿಂದ ಮಾದರಿ ಅಹವಾಲುಗಳೂ ಬಂದಿದ್ದವು. ಎಷ್ಟೋ ಊರುಗಳು ಅವನ್ನೇ ನಕಲು ಮಾಡಿ, ಜೊತೆಗೆ ತಮ್ಮ ಸಂಕಟವನ್ನು ಸೇರಿಸಿದವು. ಓದಬೇಕಾದದ್ದು ಆ ಸೇರಿಸಿದ ಸಾಲುಗಳನ್ನೇ.

ಅಲ್ಲಿ ಮತ್ತೆ ಮತ್ತೆ ಬರುವ ಹೆಸರು ‘ಗಾಬೆಲ್’, ಅಂದರೆ ಉಪ್ಪಿನ ತೆರಿಗೆ. ಬ್ರಿಟನಿ ಪ್ರಾಂತ್ಯಕ್ಕೆ ಅದರಿಂದ ವಿನಾಯಿತಿ. ಗಡಿ ದಾಟಿದರೆ ಅದೇ ಉಪ್ಪು ಹತ್ತು ಪಟ್ಟಿಗೂ ಮಿಗಿಲಾಗಿ ದುಬಾರಿ. ನಾಯಿಗಳ ಮೈಗೆ ಉಪ್ಪಿನ ಗಂಟು ಕಟ್ಟಿ ಗಡಿ ದಾಟಿಸುವ ಕಳ್ಳಸಾಗಣೆ ನಡೆಯುತ್ತಿತ್ತು. ಹೆಚ್ಚು ತೆರಿಗೆಯ ಪ್ರಾಂತ್ಯಗಳಲ್ಲಿ 8 ವರ್ಷ ದಾಟಿದ ಪ್ರತಿ ತಲೆಯ ಲೆಕ್ಕಕ್ಕೂ ಇಂತಿಷ್ಟು ಉಪ್ಪನ್ನು ಕೊಳ್ಳಲೇಬೇಕು. ಕೊಂಡದ್ದು ಅಡುಗೆಗೆ ಮತ್ತು ಊಟದ ಮೇಜಿಗೆ ಮಾತ್ರ. ಮಾಂಸಕ್ಕೆ ಹಾಕಿ ಕೆಡದಂತೆ ಇಡಲು ಮತ್ತೆ ಬೇರೆ ಉಪ್ಪು ಕೊಳ್ಳಬೇಕು! ಸಭೆಯಲ್ಲಿ ಕೂತವರು ಅರ್ಥಶಾಸ್ತ್ರ ಓದಿದವರಲ್ಲ, ಆದರೆ ಗಡಿಯಾಚೆಯ ಬೆಲೆ ಅವರಿಗೆ ಗೊತ್ತಿತ್ತು. ಕುಲೀನರಿಗೂ ಪಾದ್ರಿಗಳಿಗೂ ಸಿಗುತ್ತಿದ್ದ ವಿನಾಯಿತಿಗಳು ಕಣ್ಣೆದುರಿಗಿದ್ದವು. ಹೀಗಾಗಿ ‘ಎಷ್ಟು’ ಎಂಬುದಕ್ಕಿಂತ ‘ನಮಗೇ ಏಕೆ’ ಎಂಬ ಪ್ರಶ್ನೆ ಮುಂದೆ ಬಂತು.

ಗಾಬೆಲ್ 1790ರಲ್ಲಿ ರದ್ದಾಯಿತು. 1806ರಲ್ಲಿ ನೆಪೋಲಿಯನ್ ಉಪ್ಪಿನ ಮೇಲೆ ಮತ್ತೆ ತೆರಿಗೆ ಹಾಕಿದ. ಅದು ಪೂರ್ತಿ ತೊಲಗಿದ್ದು 1945ರಲ್ಲಿ. ನಡುವೆ 1914ರಲ್ಲಿ ಆದಾಯ ತೆರಿಗೆಯ ಕಾನೂನು ಬಂತು, ಆಮೇಲೆ 1954ರಲ್ಲಿ ಮೌಲ್ಯವರ್ಧಿತ ತೆರಿಗೆ. ಎರಡನ್ನೂ ರೂಪಿಸಿದ್ದು ಸಂಸತ್ತು ಮತ್ತು ಅಧಿಕಾರಿಗಳು, ಊರ ಸಭೆಯಲ್ಲ.

2018ರಲ್ಲಿ ಸಂಪತ್ತಿನ ತೆರಿಗೆಯನ್ನು ಸ್ಥಿರಾಸ್ತಿಗಷ್ಟೇ ಸೀಮಿತಗೊಳಿಸಲಾಯಿತು. ಅದೇ ಹೊತ್ತಿಗೆ ಇಂಧನದ ಮೇಲಿನ ತೆರಿಗೆ ಏರುತ್ತಿತ್ತು. ಕಾರಿಲ್ಲದೆ ಕೆಲಸಕ್ಕೆ ಹೋಗಲಾರದವರು ಹಳದಿ ಜಾಕೆಟ್ ತೊಟ್ಟು ರಸ್ತೆಗಿಳಿದರು. ಹಳೆಯ ‘ನಮಗೇ ಏಕೆ’ ಮರಳಿತ್ತು. ಡಿಸೆಂಬರ್‌ನಲ್ಲಿ ಏರಿಕೆ ರದ್ದಾಯಿತು, ಜನವರಿಯಲ್ಲಿ ‘ಮಹಾ ರಾಷ್ಟ್ರೀಯ ಚರ್ಚೆ’ ಶುರುವಾಯಿತು. ಸುಮಾರು 10,000 ಸಭೆಗಳು ನಡೆದವು. ಆದರೆ ಹೂಡಿಕೆಗೆ ಉತ್ತೇಜನ ನೀಡಲು ಕೈಗೊಂಡ ತೆರಿಗೆ ಕ್ರಮಗಳಿಂದ ಹಿಂದೆ ಸರಿಯುವುದಿಲ್ಲ ಎಂದು ಚರ್ಚೆಗೆ ಕರೆದ ಪತ್ರದಲ್ಲೇ ಬರೆದಿತ್ತು. ಕೇಳಲು ಕೂರುವ ಮೊದಲೇ ಅರ್ಧ ಉತ್ತರ ಕೊಟ್ಟಾಗಿತ್ತು.

ಏಪ್ರಿಲ್‌ನಲ್ಲಿ ಆದಾಯ ತೆರಿಗೆಯಲ್ಲಿ 500 ಕೋಟಿ ಯೂರೋ ಕಡಿತ ಘೋಷಣೆಯಾಯಿತು. ಕೈಬರಹದ ಪುಸ್ತಕಗಳು ಪತ್ರಾಗಾರಗಳನ್ನು ಸೇರಿದವು. 1789ರ ಅಹವಾಲುಗಳಲ್ಲಿ ಬಹಳಷ್ಟನ್ನು ಇಂದು ಅಚ್ಚಿನಲ್ಲಿ ಓದಬಹುದು. 2019ರ ಪುಸ್ತಕಗಳನ್ನು ನೋಡಬೇಕೆಂದವರು ವರ್ಷಗಳ ಕಾಲ ಪತ್ರಾಗಾರಕ್ಕೇ ಹೋಗಬೇಕಾಯಿತು.